ಎರಡು ಮಿಲಿಸೆಕೆಂಡಿನ ಧಾರೆ

ದ್ರವರೂಪದ ಇಂಧನಕ್ಕಿಂತ ಅನಿಲರೂಪದ ಇಂಧನವನ್ನು ಗಾಳಿಯೊಡನೆ ಬೆರೆಸುವುದು ಸುಲಭವೆಂಬ ನಂಬಿಕೆ ಮೇಲ್ನೋಟಕ್ಕೆ ಯುಕ್ತವಾಗಿಯೇ ತೋರುತ್ತದೆ. ಡೀಸೆಲ್ ಎಣ್ಣೆಯು ಮೊದಲು ಹನಿಹನಿಯಾಗಿ ಒಡೆಯಬೇಕು, ಹನಿಗಳು ಕಾದು ಆವಿಯಾಗಬೇಕು, ಆ ಆವಿಯು ಗಾಳಿಯೊಡನೆ ಕಲೆಯಬೇಕು. ಈ ಮೂರು ಘಟ್ಟಗಳಲ್ಲಿ ಮೊದಲಿನ ಎರಡನ್ನು ಮೀಥೇನಾಗಲಿ ಜಲಜನಕವಾಗಲಿ ಹುಟ್ಟಿನಿಂದಲೇ ದಾಟಿರುವುದರಿಂದ, ಉಳಿದ ಒಂದು ಘಟ್ಟ ತಾನಾಗಿಯೇ ನೆರವೇರೀತೆಂದು ಯಾರಾದರೂ ಊಹಿಸಿದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಎಂಜಿನ್ನಿನ ಒಳಗೆ ಕಾಲಕ್ಕಿರುವ ಬೆಲೆಯೇ ಬೇರೆ. ನಿಮಿಷಕ್ಕೆ 1800 ಸುತ್ತು ತಿರುಗುವ ಲಾರಿಯ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು ಒಂದು ಡಿಗ್ರಿ ಹೊರಳಲು ಹಿಡಿಯುವ ಕಾಲ ಸೆಕೆಂಡಿನ ಹತ್ತುಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ; ಇಂಧನವನ್ನು ಚಿಮ್ಮಿಸುವುದಕ್ಕೆ ಇಪ್ಪತ್ತು ಡಿಗ್ರಿಯಷ್ಟು ಅವಕಾಶವನ್ನು ಧಾರಾಳವಾಗಿ ಕೊಟ್ಟರೂ ಒಟ್ಟು ಅವಧಿ ಎರಡು ಮಿಲಿಸೆಕೆಂಡನ್ನು ಮುಟ್ಟುವುದಿಲ್ಲ. ಅಷ್ಟರೊಳಗೆ ಅನಿಲವು ಉಕ್ಕಿನ ಸಣ್ಣ ರಂಧ್ರದಿಂದ ಹೊರಬಿದ್ದು, ತನಗಿಂತ ಅನೇಕ ಪಟ್ಟು ತೂಕದ ಗಾಳಿಯನ್ನು ತನ್ನೊಳಕ್ಕೆ ಸೆಳೆದುಕೊಂಡು ಉರಿಯಲು ಸಿದ್ಧವಾಗಬೇಕು. ಒಂದು ಕಿಲೋಗ್ರಾಂ ಮೀಥೇನ್ ಪೂರ್ಣವಾಗಿ ದಹಿಸಲು ಸುಮಾರು 17 ಕಿಲೋಗ್ರಾಂ ಗಾಳಿ ಬೇಕು, ಜಲಜನಕಕ್ಕಾದರೆ 34. ಈ ಸೆಳೆತದ ಕೆಲಸವನ್ನು ಮಾಡುವುದು ಧಾರೆಯೇ ಹೊರತು ಅನಿಲದ ಅನಿಲತ್ವವಲ್ಲ.

ಹೀಗೆ ಅವಸರಪಡುವ ಬದಲು ಅನಿಲವನ್ನು ಮೊದಲೇ ಗಾಳಿಯೊಡನೆ ನಿಧಾನವಾಗಿ ಬೆರೆಸಿ ಒಳಗೆ ಬಿಡಬಾರದೇಕೆ ಎಂಬ ಪ್ರಶ್ನೆ ಸಹಜವಾದುದೇ. ನಮ್ಮ ಬೀದಿಗಳಲ್ಲಿ ಓಡಾಡುವ ಸಿ.ಎನ್.ಜಿ. ಆಟೋರಿಕ್ಷಾಗಳಲ್ಲಿಯೂ ಬಸ್ಸುಗಳಲ್ಲಿಯೂ ನಡೆಯುತ್ತಿರುವುದು ಅದೇ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿಟ್ಟ ಅನಿಲವನ್ನು ರೆಗ್ಯುಲೇಟರಿನ ಮೂಲಕ ಕೆಲವೇ ಬಾರ್‌ಗಳಿಗೆ ಇಳಿಸಿ, ಎಂಜಿನ್ ಎಳೆದುಕೊಳ್ಳುವ ಗಾಳಿಯ ದಾರಿಯಲ್ಲಿಯೇ ಅದನ್ನು ಕೂಡಿಸುತ್ತಾರೆ. ವಿಧಾನವೇನೋ ಸರಳ, ಆದರೆ ಅನಿಲವು ಜಾಗವನ್ನು ಬೇಡುವ ವಸ್ತು. ಸರಿಯಾದ ಪ್ರಮಾಣದ ಮಿಶ್ರಣದಲ್ಲಿ ಮೀಥೇನ್ ನೂರಕ್ಕೆ ಒಂಬತ್ತೂವರೆ ಭಾಗದಷ್ಟು ಗಾತ್ರವನ್ನು ಆಕ್ರಮಿಸುತ್ತದೆ. ಜಲಜನಕವು ಹತ್ತಿರಹತ್ತಿರ ಮೂವತ್ತು ಭಾಗವನ್ನು ಆಕ್ರಮಿಸುತ್ತದೆ. ಅಷ್ಟು ಗಾಳಿ ಹೊರಗುಳಿದರೆ ಎಂಜಿನ್ನಿನ ಬಲವೂ ಅದಕ್ಕೆ ತಕ್ಕಂತೆ ಕುಗ್ಗುವುದು. ಇದರ ಜೊತೆಗೆ, ಮೊದಲೇ ಬೆರೆತ ಮಿಶ್ರಣವನ್ನು ಡೀಸೆಲ್ ಎಂಜಿನ್ನಿನಷ್ಟು ಬಿಗಿಯಾಗಿ ಒತ್ತಹೊರಟರೆ ಅದು ಅಕಾಲದಲ್ಲಿ ಸಿಡಿಯುವ ಭಯವಿರುವುದರಿಂದ ಒತ್ತುವಿಕೆಯನ್ನೂ ಇಳಿಸಬೇಕಾಗುತ್ತದೆ. ಒತ್ತುವಿಕೆ ಇಳಿದರೆ ದಕ್ಷತೆಯೂ ಇಳಿಯುತ್ತದೆ. ಈ ಎರಡು ನಷ್ಟಗಳನ್ನೂ ಒಲ್ಲದವರು ಗಾಳಿಯನ್ನಷ್ಟೇ ಒಳಗೆ ತೆಗೆದುಕೊಂಡು, ಅದನ್ನು ಪೂರ್ಣವಾಗಿ ಒತ್ತಿ, ಪಿಸ್ಟನ್ ಮೇಲಿನ ತುದಿಗೆ ಬರುವ ಹೊತ್ತಿಗೆ ಸರಿಯಾಗಿ ಅನಿಲವನ್ನು ನೇರವಾಗಿ ಒಳಕ್ಕೆ ಚಿಮ್ಮಿಸುತ್ತಾರೆ. ಆ ಗಳಿಗೆಯಲ್ಲಿ ಸಿಲಿಂಡರಿನೊಳಗಿನ ಗಾಳಿಯ ಒತ್ತಡ 60 ಬಾರ್ ಅಥವಾ ಅದಕ್ಕೂ ಹೆಚ್ಚು ಇರುವುದರಿಂದ ಅನಿಲವನ್ನು ಅದನ್ನೂ ಬಹಳವಾಗಿ ಮೀರಿದ ಒತ್ತಡದಲ್ಲಿ ಸಜ್ಜುಮಾಡಿಟ್ಟುಕೊಂಡಿರಬೇಕು. ಲಾರಿಗಳ ಎಂಜಿನ್ನುಗಳಲ್ಲಿಯೂ ಹಡಗುಗಳ ದೈತ್ಯ ಎಂಜಿನ್ನುಗಳಲ್ಲಿಯೂ ರೂಢಿಗೆ ಬಂದಿರುವ ಅಂಕಿ ಸುಮಾರು 300 ಬಾರ್.

ಈ ಬಗೆಯ ಧಾರೆಗೆ ಒಂದು ಪೂರ್ವಚರಿತ್ರೆಯೂ ಉಂಟು. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಆಗ್ಸ್‌ಬರ್ಗಿನಲ್ಲಿ ರೂಪಿಸಿದಾಗ ಎಣ್ಣೆಯನ್ನು ನೇರವಾಗಿ ತಳ್ಳಬಲ್ಲ ನಂಬಿಕೆಯ ಪಂಪು ಆತನ ಕೈಯಲ್ಲಿರಲಿಲ್ಲವಾದುದರಿಂದ, ಬೇರೊಂದು ಕಂಪ್ರೆಸರಿನಲ್ಲಿ ಒತ್ತಿಟ್ಟ ಗಾಳಿಯ ಬಲದಿಂದ ಎಣ್ಣೆಯನ್ನು ಒಳಕ್ಕೆ ಊದಿಸಿದನು. 1897ರಲ್ಲಿ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಪರೀಕ್ಷಿಸಿ, ಇಂಧನದ ಶಾಖದಲ್ಲಿ ನೂರಕ್ಕೆ 26 ಭಾಗವನ್ನು ಕೆಲಸವಾಗಿ ಪರಿವರ್ತಿಸಬಲ್ಲುದೆಂದು ಸಾರಿದ ಎಂಜಿನ್ನು ಅದೇ. ಮುಂದೆ 1920ರ ದಶಕದಲ್ಲಿ ಬಾಷ್ ಮೊದಲಾದವರ ಪಂಪುಗಳು ಬಂದು ಆ ಭಾರವಾದ ಕಂಪ್ರೆಸರನ್ನು ಮೂಲೆಗೆ ತಳ್ಳಿದುವು; ಅನಿಲಧಾರೆಯು ಡೀಸೆಲ್ ಎಂಜಿನ್ನಿನಿಂದ ಆಗ ನಿರ್ಗಮಿಸಿದುದು, ಈಗ ತಾನೇ ಇಂಧನವಾಗಿ ಮರಳಿ ಬಂದಿದೆ.

ಒತ್ತಡಕ್ಕೊಳಗಾದ ಅನಿಲವು ರಂಧ್ರದ ಮೂಲಕ ಹೊರಬೀಳುವಾಗ ಏನಾಗುವುದೆಂಬ ವಿಚಾರವು ಎಂಜಿನ್ನುಗಳಿಗಿಂತ ಹಳೆಯದು. 1839ರಲ್ಲಿ ಫ್ರಾನ್ಸಿನ ಸೇಂಟ್-ವೆನಾಂ ಮತ್ತು ವಾಂಟ್ಸೆಲ್ ಎಂಬಿಬ್ಬರು ಇದಕ್ಕೆ ಸೂತ್ರವೊಂದನ್ನು ಕಂಡುಹಿಡಿದರು. ಆ ಸೂತ್ರದಲ್ಲಿ ಒಂದು ವೈಚಿತ್ರ್ಯವಿತ್ತು: ಹೊರಗಿನ ಒತ್ತಡವನ್ನು ಇಳಿಸುತ್ತ ಹೋದಂತೆ ಹರಿವು ಮೊದಲು ಹೆಚ್ಚಿ, ಒಂದು ಮಿತಿಯನ್ನು ಮುಟ್ಟಿ, ಅಲ್ಲಿಂದಾಚೆಗೆ ಕಡಿಮೆಯಾಗುತ್ತ ಕಡೆಗೆ ಹೊರಗಡೆ ಸಂಪೂರ್ಣ ಶೂನ್ಯವೇ ಇದ್ದರೆ ಅನಿಲವು ಹೊರಡುವುದೇ ಇಲ್ಲವೆಂದು ಅದು ಹೇಳುತ್ತಿತ್ತು. ಬರಿಯ ಗಣಿತಕ್ಕೆ ಕಟ್ಟುಬಿದ್ದವರು ಇದನ್ನು ಒಪ್ಪಿಬಿಡುತ್ತಿದ್ದರೋ ಏನೋ. ಇವರಿಬ್ಬರು ಪ್ರಯೋಗವನ್ನೂ ಮಾಡಿ, ಆ ಮಿತಿಯಾಚೆಗೆ ಹರಿವು ಕುಗ್ಗದೆ ಇದ್ದಷ್ಟೇ ಇರುವುದೆಂದು ಕಂಡರು. ಅದಕ್ಕೆ ಕಾರಣವನ್ನು ತಿಳಿಯಹೇಳಿದವನು ಆಸ್ಬೋರ್ನ್ ರೆನಾಲ್ಡ್ಸ್. ಅದೂ 1880ರ ದಶಕದಲ್ಲಿ. ಹೊರಗೆ ಒತ್ತಡ ಇಳಿಯಿತೆಂಬ ಸುದ್ದಿ ಅನಿಲದೊಳಗೆ ಶಬ್ದದ ವೇಗದಲ್ಲಿ ಹಿಂದಕ್ಕೆ ಸಾಗಬೇಕಷ್ಟೆ. ರಂಧ್ರದ ಕಿರಿದಾದ ಕಂಠದಲ್ಲಿ ಅನಿಲವೇ ಶಬ್ದವೇಗದಿಂದ ಮುಂದಕ್ಕೆ ಹರಿಯತೊಡಗಿದರೆ, ಹೊಳೆಯ ಸೆಳವಿನಷ್ಟೇ ವೇಗದಲ್ಲಿ ಎದುರೀಜುವವನು ಎಷ್ಟು ಕೈಬಡಿದರೂ ನಿಂತಲ್ಲಿಯೇ ನಿಲ್ಲುವಂತೆ ಆ ಸುದ್ದಿಯೂ ಕಂಠದಲ್ಲಿಯೇ ತಡೆದು ನಿಲ್ಲುವುದು; ಒಳಗಿನ ಅನಿಲಕ್ಕೆ ಹೊರಗಿನ ಸಂಗತಿ ತಿಳಿಯುವ ಬಗೆಯೇ ಇಲ್ಲ. ಮೀಥೇನಿನ ವಿಷಯದಲ್ಲಿ ಒಳಗಿನ ಒತ್ತಡವು ಹೊರಗಿನದರ 1.84 ಪಟ್ಟನ್ನೂ, ಜಲಜನಕದ ವಿಷಯದಲ್ಲಿ 1.9 ಪಟ್ಟನ್ನೂ ಮೀರಿದರೆ ಸಾಕು, ಈ ಸ್ಥಿತಿ ಒದಗುತ್ತದೆ.

ಎಂಜಿನ್ ಕಟ್ಟುವವನಿಗೆ ಇದೊಂದು ವರ. ಸಿಲಿಂಡರಿನೊಳಗಿನ ಒತ್ತಡವು ಪಿಸ್ಟನ್ನಿನ ಚಲನೆಯಿಂದಲೂ ದಹನದಿಂದಲೂ ಕ್ಷಣಕ್ಷಣಕ್ಕೂ ಏರಿಳಿಯುತ್ತಿದ್ದರೂ, ಒಳಹೋಗುವ ಅನಿಲದ ಮೊತ್ತವು ಅದನ್ನು ಲೆಕ್ಕಿಸದೆ, ಹಿಂದಿನ ಒತ್ತಡ ಮತ್ತು ಉಷ್ಣತೆ, ಕಂಠದ ವಿಸ್ತಾರ, ರಂಧ್ರವನ್ನು ಮುಚ್ಚಿ ತೆರೆಯುವ ಸೂಜಿಯು ತೆರೆದಿರುವ ಕಾಲ ಇಷ್ಟನ್ನೇ ಅನುಸರಿಸುತ್ತದೆ. ಎಣ್ಣೆಯನ್ನು ಚಿಮ್ಮಿಸುವ ಇಂಜೆಕ್ಟರಿಗೆ ಈ ನೆಮ್ಮದಿ ಇಲ್ಲ. ಆದರೆ ಈ ವರಕ್ಕೆ ಒಂದು ಮಿತಿಯೂ ಇದೆ: ಕಂಠದಲ್ಲಿ ಮೀಥೇನಿನ ವೇಗ ಸೆಕೆಂಡಿಗೆ ಸುಮಾರು 420 ಮೀಟರನ್ನೂ, ಜಲಜನಕದ ವೇಗ ಸುಮಾರು 1200 ಮೀಟರನ್ನೂ ದಾಟುವಂತಿಲ್ಲ, ಹಿಂದಿನಿಂದ ಎಷ್ಟೇ ಒತ್ತಿದರೂ ಸಾಂದ್ರತೆ ಹೆಚ್ಚುವುದಲ್ಲದೆ ವೇಗ ಹೆಚ್ಚದು. ವೇಗವಾಗಿ ಪರಿಣಮಿಸದೆ ಮಿಕ್ಕ ಒತ್ತಡವೆಲ್ಲವೂ ಅನಿಲದೊಡನೆಯೇ ರಂಧ್ರದ ಬಾಯಿಯಿಂದ ಹೊರಕ್ಕೆ ಬರುತ್ತದೆ. ಧಾರೆಯ ನಿಜವಾದ ವಿಲಾಸ ಆರಂಭವಾಗುವುದು ಅಲ್ಲಿ.

ಈ ವಿಲಾಸವನ್ನು ಮೊದಲು ಕಣ್ಣಿಗೆ ಕಾಣಿಸಿದ ಕೀರ್ತಿ ಸಲ್ಲುವುದು, ಆಶ್ಚರ್ಯವೆಂದರೆ, ಒಂದು ಯುದ್ಧಸಾಮಗ್ರಿಯ ಕಾರ್ಖಾನೆಗೆ. ಆಗ ಆಸ್ಟ್ರಿಯಾ-ಹಂಗರಿಯ ಬಂದರಾಗಿದ್ದ ಫಿಯೂಮೆ ಪಟ್ಟಣದಲ್ಲಿ, ಅಂದರೆ ಈಗಿನ ಕ್ರೊಯೇಷಿಯಾದ ರಿಯೆಕಾದಲ್ಲಿ, ವೈಟ್‌ಹೆಡ್ ಎಂಬ ಇಂಗ್ಲಿಷ್ ಮನೆತನದವರ ಟಾರ್ಪೆಡೊ ಕಾರ್ಖಾನೆಯಿತ್ತು. ಟಾರ್ಪೆಡೊಗಳು ಓಡುತ್ತಿದ್ದುದು ಒತ್ತಿದ ಗಾಳಿಯ ಬಲದಿಂದ. ಆದುದರಿಂದ ಬಲವಾಗಿ ಒತ್ತಿದ ಗಾಳಿಯ ದೊಡ್ಡ ಭಂಡಾರವೇ ಅಲ್ಲಿ ಸಿದ್ಧವಾಗಿತ್ತು. ಅದೇ ಊರಿನ ನೌಕಾ ವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದ ಪೀಟರ್ ಸಾಲ್ಶರ್, ಪ್ರಾಗ್ ನಗರದ ಅರ್ನ್‌ಸ್ಟ್ ಮಾಖ್‌ನ ಸಲಹೆಯಂತೆ 1886ರಲ್ಲಿ ಹಾರುವ ಗುಂಡಿನ ಮುಂದಿನ ಆಘಾತ ತರಂಗವನ್ನು ಚಿತ್ರದಲ್ಲಿ ಹಿಡಿದಿದ್ದವನು. ಆತನು ಕಾರ್ಖಾನೆಯ ಜಾನ್ ವೈಟ್‌ಹೆಡ್‌ನೊಡನೆ ಸೇರಿ, ಗುಂಡನ್ನು ನಿಶ್ಚಲ ವಾಯುವಿನಲ್ಲಿ ಹಾರಿಸುವುದಕ್ಕೆ ಬದಲಾಗಿ ವಾಯುವನ್ನೇ ರಂಧ್ರದಿಂದ ಹಾರಿಸಿ ನೋಡಿದನು. 1889ರಲ್ಲಿ ಪ್ರಕಟವಾದ ಅವರ ಬರಹವು ಬಲವಾಗಿ ಒತ್ತಿದ ಗಾಳಿಯ ಹೊರಹರಿವನ್ನೇ ಕುರಿತದ್ದು. ಅದರ ಮರುವರ್ಷ ಮಾಖ್ ಮತ್ತು ಸಾಲ್ಶರ್ ಕೂಡಿ ಇದೇ ಧಾರೆಗಳನ್ನು ಬೆಳಕಿನ ನೆರವಿನಿಂದ ಪರಿಶೀಲಿಸಿದರು. 1904ರಲ್ಲಿ ಪ್ರಾಂಟ್ಲ್ ಧಾರೆಯೊಳಗೆ ನಿಂತ ಅಲೆಗಳ ಉದ್ದವನ್ನು ಗಣಿತದಿಂದ ಸಾಧಿಸಿದನು.

ಮಾಖ್ ಮತ್ತು ಸಾಲ್ಶರ್ ಬಳಸಿದ ಉಪಾಯವನ್ನು ಜರ್ಮನಿಯ ಟೋಪ್ಲರ್ 1864ರಲ್ಲಿ ವಿವರಿಸಿದ್ದನು. ಬೆಳಕನ್ನು ನಿಮ್ನದರ್ಪಣದಿಂದ ಒಂದು ಬಿಂದುವಿನಲ್ಲಿ ಕೂಡಿಸಿ, ಆ ಬಿಂದುವಿಗೆ ಹರಿತವಾದ ಅಲಗೊಂದನ್ನು ಅರ್ಧದಷ್ಟು ಅಡ್ಡವಿಡಬೇಕು. ನಡುವಣ ಗಾಳಿಯಲ್ಲಿ ಎಲ್ಲೆಲ್ಲಿ ಸಾಂದ್ರತೆಯು ಥಟ್ಟನೆ ಬದಲಾಗುವುದೋ ಅಲ್ಲಲ್ಲಿ ಬಾಗಿದ ಕಿರಣವು ಅಲಗಿಗೆ ಬಡಿದು ಕಪ್ಪಾಗಿಯೋ, ಅಲಗನ್ನು ತಪ್ಪಿಸಿಕೊಂಡು ಬೆಳ್ಳಗಾಗಿಯೋ ಪರದೆಯ ಮೇಲೆ ಮೂಡುವುದು. ಇದನ್ನು ಶ್ಲೀರೆನ್ ವಿಧಾನವೆಂದು ಕರೆಯುತ್ತಾರೆ. ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೇಳುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರು 1950ರ ದಶಕದಲ್ಲಿ ಶಬ್ದಾತೀತ ವೇಗದ ವಾಯುಸುರಂಗವನ್ನು ಕಟ್ಟಿದ ಮೇಲೆ, ಇಂತಹ ಆಘಾತ ತರಂಗಗಳ ಅಧ್ಯಯನಕ್ಕೆ ನಮ್ಮಲ್ಲಿಯೂ ನೆಲೆಯೊಂದು ದೊರೆಯಿತು. ಈಗಿನ ಪ್ರಯೋಗಶಾಲೆಗಳಲ್ಲಿ ಸಿಲಿಂಡರಿಗೇ ಸ್ಫಟಿಕದ ಕಿಟಕಿಯನ್ನು ಕೂಡಿಸಿ, ಸೆಕೆಂಡಿಗೆ ಹತ್ತಾರು ಸಾವಿರ ಚಿತ್ರಗಳನ್ನು ತೆಗೆಯುವ ಕ್ಯಾಮರಾದಿಂದ ಧಾರೆಯ ಹುಟ್ಟನ್ನೇ ಹಂತಹಂತವಾಗಿ ನೋಡುತ್ತಾರೆ.

ಆ ಚಿತ್ರಗಳಲ್ಲಿ ಕಾಣುವುದನ್ನು ರಂಧ್ರದ ಬಾಯಿಗೆ ಕಣ್ಣಿಟ್ಟು ಸ್ವಲ್ಪ ಸಾವಧಾನವಾಗಿ ನೋಡೋಣ. ಮಿಕ್ಕುಳಿದ ಒತ್ತಡದೊಡನೆ ಹೊರಬಿದ್ದ ಅನಿಲವು ಅಂಚಿನಲ್ಲಿಯೇ ಎಲ್ಲ ಕಡೆಗೂ ಹರಡಿ ಪೀಪಾಯಿಯ ಆಕಾರಕ್ಕೆ ಉಬ್ಬುತ್ತದೆ. ಹರಡಿದಷ್ಟೂ ಒತ್ತಡ ಇಳಿಯುತ್ತದೆ, ಉಷ್ಣತೆ ಇಳಿಯುತ್ತದೆ, ವೇಗವು ಶಬ್ದವೇಗದ ಹಲವು ಪಟ್ಟಿಗೆ ಏರುತ್ತದೆ. ಈ ಹರಡುವಿಕೆಗೆ ತಡೆಯನ್ನು ತಿಳಿಸುವ ಸುದ್ದಿ ಒಡನೆಯೇ ತಲುಪದಿರುವುದರಿಂದ ಅನಿಲವು ಬೇಕಾದುದಕ್ಕಿಂತ ಹೆಚ್ಚಾಗಿ ಹಿಗ್ಗಿ, ಪೀಪಾಯಿಯ ನಡುವಿನಲ್ಲಿ ಒತ್ತಡವು ಸುತ್ತಲಿನ ಗಾಳಿಗಿಂತಲೂ ಕೆಳಗೆ ಬೀಳುತ್ತದೆ. ಆಗ ಪೀಪಾಯಿಯ ಮೈಯಿಂದ ಒಳಮುಖವಾಗಿ ಹಿಂದಿರುಗಿದ ಒತ್ತುಅಲೆಗಳು ಒಂದರ ಮೇಲೊಂದು ಕೂಡಿ ಆಘಾತ ತರಂಗವೊಂದನ್ನು ಕಟ್ಟುತ್ತವೆ. ಒತ್ತಡದ ಅನುಪಾತ ಕಡಿಮೆಯಿದ್ದರೆ ಆ ತರಂಗಗಳು ನಡುವಿನಲ್ಲಿ ಕತ್ತರಿಯಂತೆ ಹಾಯ್ದು ವಜ್ರಾಕೃತಿಯ ಮಾಲೆಯನ್ನು ಬರೆಯುತ್ತವೆ. ಅನುಪಾತವು ಸುಮಾರು ನಾಲ್ಕನ್ನು ದಾಟಿದ ಮೇಲೆ ಹಾಗೆ ಹಾಯಲಾರದೆ, ಧಾರೆಗೆ ಅಡ್ಡವಾಗಿ ನಿಂತ ಒಂದು ಚಪ್ಪಟೆಯಾದ ಬಿಲ್ಲೆಯಲ್ಲಿ ಕೊನೆಗೊಳ್ಳುತ್ತವೆ. ಇದಕ್ಕೆ ಮಾಖ್ ಬಿಲ್ಲೆ ಎಂದು ಹೆಸರು. ಬಿಲ್ಲೆಯ ಈಚೆಗೆ ಶಬ್ದವನ್ನೂ ಮೀರಿ ಧಾವಿಸುತ್ತಿದ್ದ ಅನಿಲವು ಅದರ ಆಚೆಗೆ ಕಾಲಿಟ್ಟೊಡನೆ ಶಬ್ದಕ್ಕಿಂತ ನಿಧಾನವಾಗಿಬಿಡುತ್ತದೆ; ಬಿಲ್ಲೆಯ ಅಂಚನ್ನು ಬಳಸಿ ಬಂದ ಅನಿಲವು ಮಾತ್ರ ಹೊರಸುತ್ತಿನಲ್ಲಿ ಇನ್ನೂ ವೇಗವಾಗಿ ಓಡುತ್ತಿರುತ್ತದೆ.

ಬಿಲ್ಲೆಯು ಎಷ್ಟು ದೂರದಲ್ಲಿ ನಿಲ್ಲುವುದೆಂಬುದಕ್ಕೆ ಆಶ್ಕೆನಾಸ್ ಮತ್ತು ಶರ್ಮನ್ 1966ರಲ್ಲಿ ಕೊಟ್ಟ ನಿಯಮವು ಅಚ್ಚರಿಯಾಗುವಷ್ಟು ಸರಳವಾಗಿದೆ: ಒಳಗಿನ ಒತ್ತಡವನ್ನು ಹೊರಗಿನ ಒತ್ತಡದಿಂದ ಭಾಗಿಸಿ, ವರ್ಗಮೂಲವನ್ನು ತೆಗೆದು, ಅದನ್ನು 0.67ರಿಂದಲೂ ರಂಧ್ರದ ವ್ಯಾಸದಿಂದಲೂ ಗುಣಿಸಿದರೆ ಆಯಿತು. ಅನಿಲ ಯಾವುದೆಂಬುದರ ಗೊಡವೆಯೇ ಬಹುಮಟ್ಟಿಗೆ ಇಲ್ಲ. ಪಿಸ್ಟನ್ ಇನ್ನೂ ಕೆಳಗಿರುವಾಗ, ಸಿಲಿಂಡರಿನಲ್ಲಿ 2 ಬಾರ್ ಇರುವ ಹೊತ್ತಿನಲ್ಲಿ, ಒಂದು ಮಿಲಿಮೀಟರಿನ ರಂಧ್ರದಿಂದ 40 ಬಾರಿನ ಅನಿಲವನ್ನು ಬಿಟ್ಟರೆ ಬಿಲ್ಲೆ ನಿಲ್ಲುವುದು ಮೂರು ಮಿಲಿಮೀಟರಿನಲ್ಲಿ. ಪಿಸ್ಟನ್ ಮೇಲೇರಿದ ಮೇಲೆ 60 ಬಾರಿನ ಗಾಳಿಗೆ 300 ಬಾರಿನ ಅನಿಲವನ್ನು ಬಿಟ್ಟರೆ ವ್ಯಾಸದ ಸುಮಾರು ಒಂದೂವರೆ ಪಟ್ಟು ದೂರದಲ್ಲಿಯೇ ಎಲ್ಲ ಆರ್ಭಟವೂ ಅಡಗುತ್ತದೆ. ಎಂದರೆ, ಚಿತ್ರಗಳಲ್ಲಿ ಅಷ್ಟು ವೈಭವದಿಂದ ಕಾಣುವ, ವಿದ್ವತ್ ಪತ್ರಿಕೆಗಳ ಪುಟಗಳನ್ನು ತುಂಬುವ ಈ ಆಘಾತಗಳ ರಾಜ್ಯವು ಹತ್ತಾರು ಸೆಂಟಿಮೀಟರ್ ಅಗಲದ ಸಿಲಿಂಡರಿನಲ್ಲಿ ಮೂರು ಮಿಲಿಮೀಟರಿಗೆ ಮೀರದ ಒಂದು ಚಿಕ್ಕ ಪಾಳೆಯಪಟ್ಟು. ಅದರ ಸೊಬಗಿಗೆ ನಾವು ಮರುಳಾಗಿ ಧಾರೆಯ ವ್ಯವಹಾರವೆಲ್ಲ ಅಲ್ಲಿಯೇ ತೀರ್ಮಾನವಾಗುವುದೆಂದು ತಿಳಿದರೆ ಎಡವಿದಂತೆಯೇ ಸರಿ.

ಏಕೆಂದರೆ ಬಿಲ್ಲೆಯನ್ನು ದಾಟುವಾಗ ಧಾರೆಯು ಕಳೆದುಕೊಳ್ಳುವುದೂ ಉಳಿಸಿಕೊಳ್ಳುವುದೂ ಬೇರೆ ಬೇರೆ. ಕಷ್ಟಪಟ್ಟು ಗಳಿಸಿದ ಒತ್ತಡದಲ್ಲಿ ದೊಡ್ಡ ಭಾಗವು ಅಲ್ಲಿ ಮರಳಿ ಬಾರದಂತೆ ವ್ಯರ್ಥವಾಗುತ್ತದೆ. ಸಂವೇಗವು, ಎಂದರೆ ರಾಶಿಯನ್ನು ವೇಗದಿಂದ ಗುಣಿಸಿದಾಗ ಬರುವ ಆ ಮೊತ್ತವು ಮಾತ್ರ, ಹೊರಗಿನಿಂದ ಬಲವೊಂದು ಬಿದ್ದ ಹೊರತು ಕರಗುವಂತಿಲ್ಲ. ಸುತ್ತಲಿನ ಗಾಳಿಯ ಒತ್ತಡ ಎಲ್ಲ ಕಡೆಗೂ ಸಮನಾಗಿರುವುದರಿಂದ ಅಂತಹ ಬಲವೂ ಇಲ್ಲ. ಆದುದರಿಂದ ಕೆಲವು ವ್ಯಾಸಗಳ ದೂರ ಕಳೆದ ಮೇಲೆ ಧಾರೆಯು ತಾನು ಎಷ್ಟು ಒತ್ತಡದಿಂದ ಹೊರಟೆನೆಂಬುದನ್ನೂ, ದಾರಿಯಲ್ಲಿ ಎಂತೆಂತಹ ಆಘಾತಗಳನ್ನು ಹಾದು ಬಂದೆನೆಂಬುದನ್ನೂ ಮರೆತು, ತನ್ನ ಸಂವೇಗವೊಂದನ್ನೇ ಪಿತ್ರಾರ್ಜಿತವಾಗಿ ಹೊತ್ತು ಮುಂದೆ ನಡೆಯುತ್ತದೆ. 1984ರಲ್ಲಿ ಬ್ರಿಟನ್ನಿನ ಬರ್ಚ್ ಮತ್ತು ಅವರ ಸಂಗಡಿಗರು ಒತ್ತಿದ ನೈಸರ್ಗಿಕ ಅನಿಲದ ಧಾರೆಗಳನ್ನು ಅಳೆದು, ನಿಜವಾದ ರಂಧ್ರಕ್ಕೆ ಬದಲಾಗಿ ಅದಕ್ಕಿಂತ ಅಗಲವಾದ ಒಂದು ಕಲ್ಪಿತ ರಂಧ್ರದಿಂದ ಸಾಧಾರಣ ಒತ್ತಡದ ಧಾರೆ ಹೊರಟಿತೆಂದು ಭಾವಿಸಿದರೆ ದೂರದ ಮಿಶ್ರಣವನ್ನೆಲ್ಲ ಅದೇ ಲೆಕ್ಕದಿಂದ ಪಡೆಯಬಹುದೆಂದು ತೋರಿಸಿದರು. ಎಂಜಿನ್ನಿನ ಒಳಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವವರು ಇಂದಿಗೂ ಈ ಕಲ್ಪಿತ ರಂಧ್ರವನ್ನು ಆಶ್ರಯಿಸುತ್ತಾರೆ. ಇಲ್ಲವಾದರೆ ಮೂರು ಮಿಲಿಮೀಟರಿನ ಆ ಪಾಳೆಯಪಟ್ಟಿಗಾಗಿಯೇ ಲಕ್ಷಗಟ್ಟಲೆ ಸೂಕ್ಷ್ಮ ಕೋಶಗಳನ್ನು ಮೀಸಲಿಡಬೇಕಾಗುವುದು.

ಈ ಸಂವೇಗದ ಲೆಕ್ಕದಿಂದ ಹೊರಬೀಳುವ ಒಂದು ಫಲಿತಾಂಶವನ್ನು ಮೊದಲ ಸಲ ಕಂಡವರು ನಂಬಲು ಹಿಂಜರಿಯುವುದು ಸಹಜ. ಶಬ್ದವೇಗದಲ್ಲಿ ಹೊರಡುವ ಧಾರೆಯ ಸಂವೇಗವು ಒತ್ತಡವನ್ನೂ ರಂಧ್ರದ ವಿಸ್ತಾರವನ್ನೂ ಅವಲಂಬಿಸುವುದೇ ಹೊರತು ಅನಿಲದ ತೂಕವನ್ನು ಅಷ್ಟಾಗಿ ಗಣಿಸುವುದಿಲ್ಲ. ಹಗುರವಾದ ಜಲಜನಕವು ಕಡಿಮೆ ರಾಶಿಯನ್ನು ಹೆಚ್ಚು ವೇಗದಿಂದ ಒಯ್ಯುತ್ತದೆ, ಭಾರವಾದ ಮೀಥೇನು ಹೆಚ್ಚು ರಾಶಿಯನ್ನು ಕಡಿಮೆ ವೇಗದಿಂದ ಒಯ್ಯುತ್ತದೆ. ಗುಣಲಬ್ಧ ಮಾತ್ರ ಹೆಚ್ಚುಕಡಿಮೆ ಒಂದೇ. ಆದುದರಿಂದ ಒಂದೇ ರಂಧ್ರದಿಂದ ಒಂದೇ ಒತ್ತಡದಲ್ಲಿ ಹೊರಟ ಜಲಜನಕ ಮತ್ತು ಮೀಥೇನುಗಳ ಧಾರೆಗಳು ಒಂದೇ ಕಾಲದಲ್ಲಿ ಒಂದೇ ದೂರವನ್ನು ಕ್ರಮಿಸುತ್ತವೆ. ಪ್ರಯೋಗಶಾಲೆಯಲ್ಲಿ ಉರಿಯುವ ಭಯವಿಲ್ಲದ ಹೀಲಿಯಮನ್ನು ಜಲಜನಕದ ಪ್ರತಿನಿಧಿಯಾಗಿ ಚಿಮ್ಮಿಸಿ ನೋಡುವುದಕ್ಕೆ ಧೈರ್ಯ ಬಂದಿರುವುದು ಇದರಿಂದಲೇ. ಶಾಖದ ಲೆಕ್ಕದಲ್ಲಿಯೂ ಜಲಜನಕವು ಅಷ್ಟೇನೂ ಹಿಂದೆ ಬೀಳುವುದಿಲ್ಲ: ಅದು ಹೊತ್ತೊಯ್ಯುವ ರಾಶಿ ಮೀಥೇನಿನ ಮೂರನೆಯ ಒಂದು ಭಾಗದಷ್ಟೇ ಆದರೂ, ಕಿಲೋಗ್ರಾಮಿಗೆ ಮೀಥೇನಿನಲ್ಲಿ 50 ಮೆಗಾಜೌಲ್ ಇದ್ದರೆ ಜಲಜನಕದಲ್ಲಿ 120 ಇರುವುದರಿಂದ, ಅದೇ ರಂಧ್ರವು ಐದರಲ್ಲಿ ನಾಲ್ಕು ಪಾಲಿನಷ್ಟು ಶಾಖವನ್ನು ಒಳಕ್ಕೆ ಒಪ್ಪಿಸುತ್ತದೆ. ಇನ್ನೊಂದು ಮಾತು. ಮೀಥೇನ್ ಗಾಳಿಗಿಂತ ಹಗುರವೆಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ತಲೆಕೆಳಗಾಗುತ್ತದೆ. ಸಿಲಿಂಡರಿನ ಗಾಳಿಯು ಒತ್ತುವಿಕೆಯಿಂದ 900 ಕೆಲ್ವಿನ್ನಿನಷ್ಟು ಕಾದಿದ್ದು, ಆಗತಾನೆ ಒಳಬಂದ ಮೀಥೇನು ತಣ್ಣಗಿರುವುದರಿಂದ, ಆ ಗಳಿಗೆಯ ಮಟ್ಟಿಗೆ ಇಂಧನವೇ ಗಾಳಿಗಿಂತ ಭಾರ.

ಮುಂದಿನ ಪಯಣದಲ್ಲಿ ಧಾರೆಯು ಎರಡು ಅಂಗಗಳಾಗಿ ಕಾಣುತ್ತದೆ: ಹಿಂದೆ ಶಂಕುವಿನಂತೆ ಅಗಲವಾಗುತ್ತ ಹೋಗುವ ದೇಹ, ಮುಂದೆ ಒಳಗೊಳಗೇ ಹೊರಳುತ್ತಿರುವ ಸುಳಿಯ ತಲೆ. ದೇಹದ ಅನಿಲವು ತಲೆಗಿಂತ ವೇಗವಾಗಿ ಹರಿದು ಅದನ್ನು ಹಿಂದಿನಿಂದ ತುಂಬುತ್ತಲೇ ಇರುತ್ತದೆ. ತಲೆಯು ಉಬ್ಬುತ್ತ, ನಿಧಾನವಾಗುತ್ತ ಮುಂದೆ ಸರಿಯುತ್ತದೆ. ಕೆನಡಾದ ವ್ಯಾಂಕೂವರ್ ನಗರದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಫಿಲಿಪ್ ಹಿಲ್ ಮತ್ತು ಉಲೆಟ್ ಅವರು 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಲೆ ಕ್ರಮಿಸುವ ದೂರವು ಸಂವೇಗದ ಹರಿವನ್ನು ಗಾಳಿಯ ಸಾಂದ್ರತೆಯಿಂದ ಭಾಗಿಸಿದ ಮೊತ್ತದ ನಾಲ್ಕನೆಯ ಮೂಲಕ್ಕೂ, ಕಾಲದ ವರ್ಗಮೂಲಕ್ಕೂ ಅನುಗುಣವಾಗಿರುವುದೆಂದೂ, ಅದರ ಗುಣಕ ಮೂರೆಂದೂ ಸ್ಥಾಪಿಸಿದರು. ಈ ನಿಯಮವನ್ನು ಅರ್ಧ ಮಿಲಿಮೀಟರಿನ ರಂಧ್ರಕ್ಕೂ 300 ಬಾರ್ ಮೀಥೇನಿಗೂ ಅನ್ವಯಿಸಿ ಲೆಕ್ಕಹಾಕಿದರೆ, ಕಾಲು ಮಿಲಿಸೆಕೆಂಡಿನಲ್ಲಿ ಧಾರೆಯು ಸುಮಾರು ಮೂರು ಸೆಂಟಿಮೀಟರನ್ನು ಕ್ರಮಿಸುವುದೂ, ಅದರ ಇಮ್ಮಡಿ ದೂರವನ್ನು ಮುಟ್ಟಲು ನಾಲ್ಮಡಿ ಕಾಲವನ್ನು, ಎಂದರೆ ಒಂದು ಪೂರ್ಣ ಮಿಲಿಸೆಕೆಂಡನ್ನು, ತೆಗೆದುಕೊಳ್ಳುವುದೂ ಕಾಣುತ್ತದೆ. ನಾಲ್ಕನೆಯ ಮೂಲವೆಂಬುದು ಬಹಳ ಜಿಪುಣವಾದ ಗಣಿತ. ಸಂವೇಗವನ್ನು ಇಮ್ಮಡಿಸಿದರೂ ದೂರವು ಐದರಲ್ಲಿ ಒಂದು ಪಾಲಿನಷ್ಟೂ ಹೆಚ್ಚುವುದಿಲ್ಲ. ಒತ್ತಡವನ್ನು ಏರಿಸುತ್ತಲೇ ಹೋದರೆ ಧಾರೆಯು ಗೋಡೆಯನ್ನು ಭೇದಿಸೀತೆಂದು ಭಾವಿಸುವ ಉತ್ಸಾಹಿಗಳಿಗೆ ಈ ನಿಯಮವನ್ನು ಮೊದಲು ಓದಿಸಬೇಕು.

ಗಾಳಿಯನ್ನು ಒಳಕ್ಕೆ ಸೆಳೆಯುವ ಕೆಲಸವೂ ಇದೇ ಸಂವೇಗದ ಆಸ್ತಿಯಿಂದ ನಡೆಯುತ್ತದೆ. ಧಾರೆಯು ದೂರ ಹೋದಷ್ಟೂ ಸೆಳೆದ ಗಾಳಿಯ ರಾಶಿ ದೂರಕ್ಕೆ ನೇರವಾಗಿ ಹೆಚ್ಚುತ್ತದೆಂದು 1961ರಲ್ಲಿ ರಿಕೂ ಮತ್ತು ಸ್ಪಾಲ್ಡಿಂಗ್ ಅಳೆದು ತೋರಿಸಿದರು. ಒಂದೇ ಮೊತ್ತದ ಅನಿಲವನ್ನು ಒಂದು ದೊಡ್ಡ ರಂಧ್ರದಿಂದ ಬಿಡುವುದಕ್ಕಿಂತ ಹಲವು ಸಣ್ಣ ರಂಧ್ರಗಳಿಂದ ಬಿಟ್ಟರೆ ಕಡಿಮೆ ದೂರದಲ್ಲಿಯೇ ಮಿಶ್ರಣ ಪಕ್ವವಾಗುತ್ತದೆ. ಆದರೆ ಸೆಳೆಯಲು ಗಾಳಿ ಬೇಕಷ್ಟೆ. ಧಾರೆಯು ಸಿಲಿಂಡರ್ ತಲೆಯ ಚಪ್ಪಟೆ ಮೈಗೆ ತೀರ ಸಮೀಪದಲ್ಲಿ ಸಾಗಿದರೆ ಆ ಪಕ್ಕದಲ್ಲಿ ಗಾಳಿಯ ಪೂರೈಕೆ ಕುಂದಿ, ಒತ್ತಡವಿಳಿದು, ಧಾರೆಯು ಬಾಗಿ ಲೋಹಕ್ಕೆ ಅಂಟಿಕೊಂಡುಬಿಡುತ್ತದೆ. ರೊಮೇನಿಯಾದ ಆಂರಿ ಕೊಆಂಡನ ಹೆಸರಿನಿಂದ ಪ್ರಸಿದ್ಧವಾದ ಪರಿಣಾಮ ಇದು. ಛತ್ರಿಯಂತೆ ಹೊರಕ್ಕೆ ತೆರೆಯುವ ಕವಾಟದಿಂದ ಪೊಳ್ಳು ಶಂಕುವಿನ ಆಕಾರದಲ್ಲಿ ಅನಿಲವನ್ನು ಬಿಟ್ಟಾಗಲೂ ಇದೇ ಕಥೆ: ಶಂಕುವಿನ ಒಳಗೆ ಸಿಕ್ಕ ಗಾಳಿಯನ್ನು ಧಾರೆಯೇ ಕುಡಿದು ಮುಗಿಸುವುದರಿಂದ ಶಂಕುವು ತನ್ನೊಳಗೆ ತಾನೇ ಕುಸಿದು ಒಂದೇ ದಪ್ಪ ಧಾರೆಯಾಗುವುದುಂಟು. ಲೋಹಕ್ಕೆ ಅಂಟಿದ ಅನಿಲಕ್ಕೆ ಗಾಳಿ ಒಂದೇ ಪಕ್ಕದಿಂದ ದೊರೆಯುತ್ತದೆ. ಮೇಲಾಗಿ ತಣ್ಣನೆಯ ಲೋಹವು ಅದನ್ನು ಉರಿಯಗೊಡುವುದಿಲ್ಲ.

ಹೀಗೆ ಬೆರೆತ ಅನಿಲವನ್ನು ಹೊತ್ತಿಸುವುದು ಇನ್ನೊಂದು ಸಾಹಸ. ಮೀಥೇನಿನ ಅಣುವು ಹಟಮಾರಿ. ಒಂದೆರಡು ಮಿಲಿಸೆಕೆಂಡಿನೊಳಗೆ ತಾನಾಗಿ ಹೊತ್ತಬೇಕಾದರೆ ಅದಕ್ಕೆ 1100 ಕೆಲ್ವಿನ್ನಿಗೂ ಮಿಕ್ಕ ಉಷ್ಣತೆ ಬೇಕು. ಡೀಸೆಲ್ ಎಂಜಿನ್ನಿನ ಒತ್ತುವಿಕೆಯಿಂದ ಅಷ್ಟು ಶಾಖವು ಸಾಮಾನ್ಯವಾಗಿ ಹುಟ್ಟದು. ಆದುದರಿಂದ ವ್ಯಾಂಕೂವರಿನ ಆ ಸಂಶೋಧನೆಯಿಂದಲೇ ಹುಟ್ಟಿ 1995ರಲ್ಲಿ ಕಂಪನಿಯಾದ ವೆಸ್ಟ್‌ಪೋರ್ಟ್‌ನವರು, ಒಂದೇ ಇಂಜೆಕ್ಟರಿನಲ್ಲಿ ಸೂಜಿಯೊಳಗೆ ಸೂಜಿಯನ್ನಿಟ್ಟು, ಮೊದಲು ಕೊಂಚ ಡೀಸೆಲನ್ನು ಚಿಮ್ಮಿಸಿ ಅದು ಹೊತ್ತುತ್ತಿರುವಂತೆಯೇ ಅನಿಲವನ್ನು ಬಿಡುವ ಏರ್ಪಾಡನ್ನು ಬಳಕೆಗೆ ತಂದರು. ಒಟ್ಟು ಶಾಖದಲ್ಲಿ ಆ ಡೀಸೆಲಿನ ಪಾಲು ನೂರಕ್ಕೆ ಐದರ ಆಸುಪಾಸು. ಅನಿಲದ ಇನ್ನೊಂದು ದೋಷವೆಂದರೆ ಅದಕ್ಕೆ ಜಿಡ್ಡಿಲ್ಲ. ಎಣ್ಣೆಯು ತಾನು ಹರಿಯುವ ಸೂಜಿಯನ್ನು ತಾನೇ ನುಣುಪಾಗಿರಿಸುತ್ತದೆ. ಅನಿಲವು ಸಂದಿಗೊಂದಿಗಳಲ್ಲಿ ನುಸುಳುವುದಲ್ಲದೆ ಅಂತಹ ಉಪಕಾರವನ್ನೇನೂ ಮಾಡುವುದಿಲ್ಲ. ಅದಕ್ಕಾಗಿ ಡೀಸೆಲಿನ ಒತ್ತಡವನ್ನು ಅನಿಲದ ಒತ್ತಡಕ್ಕಿಂತ ತುಸು ಮೇಲಿಟ್ಟು, ಆ ಡೀಸೆಲೇ ಸಂದಿಗಳನ್ನು ಮುಚ್ಚುವಂತೆ ಮಾಡಿದ್ದಾರೆ. 300 ಬಾರಿನ ಒತ್ತಡವನ್ನು ಗಳಿಸುವ ಮಾರ್ಗವೂ ಜಾಣತನದ್ದು: ಅನಿಲವನ್ನು ಒತ್ತುವುದಕ್ಕಿಂತ ದ್ರವವನ್ನು ಒತ್ತುವ ಖರ್ಚು ಬಹಳ ಕಡಿಮೆಯಾದುದರಿಂದ, ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ ದ್ರವವಾಗಿ ತುಂಬಿಟ್ಟ ಮೀಥೇನನ್ನು ಹಾಗೆಯೇ ಪಂಪುಮಾಡಿ, ಆಮೇಲೆ ಎಂಜಿನ್ನಿನ ಬಿಸಿನೀರಿನಿಂದ ಕಾಯಿಸಿ ಅನಿಲವಾಗಿಸುತ್ತಾರೆ. 2015ರಲ್ಲಿ ಸಮುದ್ರಕ್ಕಿಳಿದ ಇಸ್ಲಾ ಬೆಲ್ಲಾ ಎಂಬ ಸರಕು ಹಡಗಿನ ಮ್ಯಾನ್ ಕಂಪನಿಯ ವಿನ್ಯಾಸದ ಎಂಜಿನ್ನು ಕೂಡ ದ್ರವ ಮೀಥೇನನ್ನೇ ನೆಚ್ಚಿ ಇದೇ ಒತ್ತಡದ ಧಾರೆಯಿಂದ ನಡೆಯುವಂಥದು.

ಧಾರೆಯ ಹುಟ್ಟನ್ನೂ ಪಯಣವನ್ನೂ ಹೀಗೆ ಶೋಧಿಸಿದವರು ಅದರ ಅಂತ್ಯವನ್ನು ಬಹುಕಾಲ ಅಲಕ್ಷಿಸಿದ್ದರು. ಸೂಜಿ ಮುಚ್ಚಿದೊಡನೆ ಹಿಂದಿನಿಂದ ಬರುತ್ತಿದ್ದ ಸಂವೇಗದ ಪೂರೈಕೆ ನಿಲ್ಲುತ್ತದೆ. ಆದರೆ ಈಗಾಗಲೇ ಹೊರಟಿರುವ ಅನಿಲವು ಮುಂದೆ ಸಾಗುತ್ತಲೇ ಇರುವುದರಿಂದ, ಅದು ತೆರವು ಮಾಡಿದ ಜಾಗವನ್ನು ತುಂಬಲು ಸುತ್ತಲಿನ ಗಾಳಿಯು ನುಗ್ಗುತ್ತದೆ. ಅಮೆರಿಕದ ಸಾಂಡಿಯಾ ಪ್ರಯೋಗಶಾಲೆಯ ಮಸ್ಕ್ಯುಲಸ್ ಮತ್ತು ಸಹೋದ್ಯೋಗಿಗಳು 2009ರಲ್ಲಿ, ಈ ನುಗ್ಗುವಿಕೆಯು ಧಾರೆಯ ಬುಡದಿಂದ ತುದಿಯ ಕಡೆಗೆ ಒಂದು ಅಲೆಯಾಗಿ ಧಾರೆಗಿಂತ ಎರಡು ಪಟ್ಟು ವೇಗದಿಂದ ಓಡುವುದೆಂದೂ, ಅದು ಹಾಯುವೆಡೆಯಲ್ಲಿ ಗಾಳಿಯ ಸೆಳೆತವು ಮೂರು ಪಟ್ಟಿನವರೆಗೂ ಹೆಚ್ಚುವುದೆಂದೂ ತೋರಿಸಿದರು. ಅದುವರೆಗೆ ಗಾಳಿಯ ಅಭಾವದಿಂದ ಕಷ್ಟಪಡುತ್ತಿದ್ದ ಇಂಧನಕ್ಕೆ ಇಲ್ಲಿ ಅತಿಯಾದ ಗಾಳಿಯೇ ಆಪತ್ತಾಗುತ್ತದೆ. ರಂಧ್ರದ ಬಳಿಯ ಕೊನೆಯ ಅನಿಲವು ಉರಿಯಲಾರದಷ್ಟು ತೆಳುವಾಗಿಬಿಡುತ್ತದೆ. ಅದರ ಜೊತೆಗೆ, ಸೂಜಿಯ ಕೆಳಗಿನ ಪುಟ್ಟ ಕುಹರದಲ್ಲಿ ಸಿಕ್ಕಿಕೊಂಡಿದ್ದ ಅನಿಲವೂ ಪಿಸ್ಟನ್ ಕೆಳಗಿಳಿದು ಒತ್ತಡ ತಗ್ಗುತ್ತಿದ್ದಂತೆ ಮೆಲ್ಲನೆ ಹೊರಗೆ ಜಿನುಗಿ, ಹೊತ್ತಿಸುವವರಿಲ್ಲದೆ ಹೊಗೆಗೊಳವೆಯನ್ನು ಸೇರುತ್ತದೆ. ಜಲಜನಕವಾದರೆ ನಷ್ಟವಾಗುವುದು ಇಂಧನವಷ್ಟೆ. ಮೀಥೇನಿಗೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಇಪ್ಪತ್ತೇಳು ಪಟ್ಟಿಗೂ ಕಡಿಮೆಯಿಲ್ಲದಷ್ಟು ಭೂಮಿಯನ್ನು ಕಾಯಿಸುವ ಶಕ್ತಿಯಿರುವುದರಿಂದ ಅದರ ಸೋರಿಕೆಯನ್ನು ಹಾಗೆ ಬಿಡುವಂತಿಲ್ಲ. ಕುಹರವನ್ನು ಕಿರಿದುಮಾಡಿದರೆ ರಂಧ್ರಗಳಿಗೆ ಅನಿಲ ಸಮವಾಗಿ ಹಂಚಿಕೆಯಾಗುವುದಿಲ್ಲ; ಸೂಜಿಯನ್ನು ಇನ್ನೂ ಬೇಗ ಮುಚ್ಚಿದರೆ ಜಿಡ್ಡಿಲ್ಲದ ಲೋಹಕ್ಕೆ ಲೋಹ ಬಡಿದು ಪೀಠ ಸವೆಯುತ್ತದೆ. ಇಂಜೆಕ್ಟರಿನ ನಕ್ಷೆ ಬರೆಯುವವರು ಈಗ ಹೆಚ್ಚಾಗಿ ತಿದ್ದುತ್ತಿರುವುದು ಸೂಜಿಯ ಕೆಳಗಿನ ಈ ಕೆಲವೇ ಘನ ಮಿಲಿಮೀಟರುಗಳನ್ನು.